ಹುಳಿ ಇಲ್ಲದ ಎಲೆ

ಎಲೆಯೊಂದನ್ನು ಮುಂದಿನ ಹಲ್ಲುಗಳ ನಡುವೆ ಇಟ್ಟು ಕಚ್ಚಿದೊಡನೆ ಕಾಕಾರ ಎಡಗಣ್ಣು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತಿತ್ತು. ಬಲಗಣ್ಣು ಮಾತ್ರ ತೆರೆದೇ ಇದ್ದು ನನ್ನನ್ನು ನೋಡುತ್ತಿತ್ತು. ಹುಳಿ ಹತ್ತಿದೆ, ಇನ್ನು ಪುಂಡಿ ಕೊಯ್ಯಬಹುದು ಎಂದು ಅದರ ಅರ್ಥ.

ಅವರು ಕುವೈತಿನ ಅಹ್ಮದಿಯಲ್ಲಿ ಎಣ್ಣೆ ಕಂಪನಿಯ ಪಂಪುಗಳನ್ನು ರಿಪೇರಿ ಮಾಡುವ ಟೆಕ್ನಿಷಿಯನ್. ಬಾಗಲಕೋಟೆ ಕಡೆಯವರು. ನನಗೆ ಸಂಬಂಧವೇನೂ ಅಲ್ಲ. ಎಲ್ಲರೂ ಕಾಕಾ ಎನ್ನುತ್ತಿದ್ದರು, ನಾನೂ ಎಂದೆ. ನಾನು ಪುತ್ತೂರಿನವನು. ಮಿರ್ಕಾಬ್‌ನ ಒಂದು ಆಫೀಸಿನಲ್ಲಿ ಕೆಲಸ, ಹಂಚಿಕೊಂಡ ಫ್ಲ್ಯಾಟು, ವಿಪರೀತ ಗಿಡದ ಹುಚ್ಚು. ಕಲಿತದ್ದೆಲ್ಲ ಮೊಬೈಲಿನಲ್ಲಿ ವಿಡಿಯೋ ನೋಡಿ. ಒಂದು ಹಬ್ಬದ ಊಟದ ಪಂಕ್ತಿಯಲ್ಲಿ ನನ್ನ ಬಾಲ್ಕನಿಯ ಬಸಳೆ ಸತ್ತ ಕತೆ ಕೇಳಿ, ಕಾಕಾ ತಮ್ಮ ಕಂಪನಿ ಮನೆಯ ಹಿತ್ತಲಲ್ಲಿ ಮತ್ತೆ ಬಸಳೆ ಹಾಕಲು ನನಗೊಂದು ಮೂಲೆ ಬಿಟ್ಟುಕೊಟ್ಟರು. ಅಂದಿನಿಂದ ಶುಕ್ರವಾರ ಬಂತೆಂದರೆ ನನ್ನ ಬಸ್ಸು ಅಹ್ಮದಿಗೇ.

ಹಿತ್ತಲಿನ ಉಳಿದ ಭಾಗವೆಲ್ಲ ಪುಂಡಿ. ನಮ್ಮ ಕರಾವಳಿಯಲ್ಲಿ ಪುಂಡಿ ಎಂದರೆ ಅಕ್ಕಿಯ ಉಂಡೆ. ಅವರಲ್ಲಿ ಅದು ಹುಳಿ ಸೊಪ್ಪು. ಅಂಗೈ ಬಿಡಿಸಿದ ಹಾಗೆ ಬೆರಳು ಬೆರಳಾಗಿ ಸೀಳಿದ ಎಲೆ. ಬೀಜ ಅವರ ಹೆಂಡತಿ ಊರಿನಿಂದ ತಂದದ್ದು. ಆಕೆ ತೀರಿಕೊಂಡ ಮೇಲೂ ಕಾಕಾ ಪ್ರತಿ ವರ್ಷ ಚಳಿ ಇಳಿದೊಡನೆ ಇದ್ದ ಬೀಜವನ್ನೆಲ್ಲ ಬಿತ್ತಿ, ಕೊನೆಗೆ ಅದರದ್ದೇ ಬೀಜ ತೆಗೆದಿಡುತ್ತಿದ್ದರು. ಮೊದಲ ಸಲ ಜೋಳದ ರೊಟ್ಟಿಯ ಜೊತೆ ಪುಂಡಿ ಪಲ್ಯ ಬಡಿಸಿ ಹೇಗಿದೆ ಎಂದು ಕೇಳಿದರು. ಚೆನ್ನಾಗಿ ಉಂಟು ಎಂದೆ.

"ಬಾಯಿ ಛಲೋ ಐತಿ ಅಂತೈತಿ, ಮಾರಿ ಒಲ್ಲೆ ಅಂತೈತಿ. ಸುಳ್ಳು ಹೇಳೂ ಕೆಲಸ ನಿನ್ನ ಕೈಲೆ ಆಗೂದಲ್ಲ ಬಿಡು ತಮ್ಮಾ" ಎಂದು ನನ್ನ ಮುಖ ನೋಡಿ ನಕ್ಕರು. ನನ್ನ ಬಸಳೆಗೆ ಅವರಿಟ್ಟ ಹೆಸರು 'ಲೋಳಿ'.

ಎಳ್ಳಮಾವಾಸ್ಯೆಯ ದಿನ ಅವರ ಕಡೆ ಹೊಲದಲ್ಲಿ ಚರಗ ಚೆಲ್ಲುತ್ತಾರೆ. ಭೂಮಿತಾಯಿಗೆಂದು ಹಬ್ಬದ ಅಡುಗೆಯನ್ನು ನಾಲ್ಕೂ ದಿಕ್ಕಿಗೆ ಎರಚುವುದು. ಕಾಕಾ ಇಷ್ಟಗಲದ ಹಿತ್ತಲಲ್ಲೂ ಅದನ್ನು ಬಿಟ್ಟವರಲ್ಲ. ಹೊಲದಲ್ಲಾದರೆ ಕೂಗಿ ಹೇಳುವುದನ್ನು ಪಕ್ಕದ ಮನೆಗೆ ಕೇಳದಂತೆ ಪಿಸುಗುಟ್ಟುತ್ತ ಎರಚುತ್ತಿದ್ದರು. ಒಂದು ವರ್ಷ ಹಕ್ಕಿಗಳಿಗೂ ಒಂದು ಪಾಲು ಇರಲೆಂದು, ಅಂಗಡಿಯಿಂದ ಹಕ್ಕಿ ಕಾಳು ತಂದು ಅದರಲ್ಲಿ ಬೆರೆಸಿದರು.

ಅದಾದ ಮೇಲಿನ ಏಪ್ರಿಲ್‌ನ ಒಂದು ಶುಕ್ರವಾರ. ಕಾಕಾ ಒಳಗೆ ರೊಟ್ಟಿ ಬಡಿಯುತ್ತಿದ್ದರು. ಪುಂಡಿ ಸಾಲಿಗೆ ನೀರು ಬಿಡುತ್ತ ಹೋದ ನಾನು ಗೋಡೆಯ ಹತ್ತಿರ ನಿಂತುಬಿಟ್ಟೆ. ಮೊಣಕಾಲೆತ್ತರದ ಒಂದು ಗಿಡ. ದೂರಕ್ಕೆ ಪುಂಡಿಯೇ. ಹತ್ತಿರ ಹೋದರೆ ಎಲೆಯ ಬೆರಳುಗಳು ಬುಡದವರೆಗೂ ಬೇರೆ ಬೇರೆ. ತುದಿಯಲ್ಲಿ ಕೂದಲು ಎದ್ದ ಹಸಿರು ಗೊಂಚಲು. ಮುಟ್ಟಿದ ಬೆರಳನ್ನು ಮೂಸಿದೆ.

ನನಗೆ ಅದು ಗೊತ್ತಿತ್ತು. ತರಕಾರಿಯ ವಿಡಿಯೋ ನೋಡುತ್ತಿದ್ದರೆ ಅದರ ಹಿಂದೆಯೇ ಬೇರೆ ಕೆಲವು ಬರುತ್ತವಲ್ಲ, ಹಾಗೆ ಬಂದವು: ಯಾವುದೋ ಚಳಿ ದೇಶದವರು, ಅಲ್ಲಿ ಕಾನೂನಿನ ಅಡ್ಡಿಯಿಲ್ಲ, ಹಿತ್ತಲಲ್ಲಿ ಟೊಮೇಟೋ ಮಧ್ಯೆ ಗಾಂಜಾ ಬೆಳೆಯುತ್ತಾರೆ. ಹಗಲು ಉದ್ದವಿರಲಿ, ಗಿಡ್ಡವಿರಲಿ, ವಯಸ್ಸು ಬಂದ ಕೂಡಲೇ ತಾನಾಗಿ ಹೂ ಬಿಡುವ ಕುಳ್ಳ ತಳಿ. ಗಿಡದ ಆ ಸ್ವಭಾವವೇ ನನಗೆ ಸೋಜಿಗವಾಗಿ ಬೇಕಾದಷ್ಟು ನೋಡಿದ್ದೆ. ಈಗ ಆ ವಿಡಿಯೋಗಳು ಜೇಬಿನ ಮೊಬೈಲಿನಲ್ಲಿದ್ದವು, ಅಂಥದ್ದೇ ಗಿಡ ಕಾಲ ಬುಡದಲ್ಲಿತ್ತು, ನಾನು ಕುವೈತಿನಲ್ಲಿದ್ದೆ.

ಕಾಕಾರನ್ನು ಕರೆದೆ. ಹಿಟ್ಟಿನ ಕೈಯಲ್ಲೇ ಬಂದು, ಅಭ್ಯಾಸದಂತೆ ಎಲೆ ಚಿವುಟಿ ಹಲ್ಲಿಗಿಟ್ಟರು. ಎರಡೂ ಕಣ್ಣು ತೆರೆದೇ ಇದ್ದವು.

"ಹುಳಿ ಇಲ್ಲಲ್ಲೋ."

"ಉಗುಳಿ ಕಾಕಾ. ಅದು ಪುಂಡಿ ಅಲ್ಲ, ಗಾಂಜಾ."

ಉಗುಳಿದರು. ಪಕ್ಕದ ಮನೆಯ ಮಹಡಿ ಕಿಟಕಿಯ ಕಡೆ ನೋಡಿದರು. ಆಮೇಲೆ ನನ್ನ ಕಡೆ.

"ನೀ ಹಾಕಿದ್ಯೇನು?"

ಆ ಪ್ರಶ್ನೆ ನಾನು ಎಣಿಸಿರಲಿಲ್ಲ. ನಾನಲ್ಲ ಎಂದೆ. ಕೇಳದೇ ಇದ್ದರೂ ಮೊಬೈಲು, ವಿಡಿಯೋ ಎಲ್ಲವನ್ನೂ ಹೇಳಿಬಿಟ್ಟೆ. ಅವರು ನನ್ನ ಮುಖವನ್ನೇ ನೋಡುತ್ತ ನಿಂತರು. ಕೊನೆಗೆ, ನೀ ಅಲ್ಲ ಬಿಡು ಎಂದು, ಹಿಟ್ಟು ಮೆತ್ತಿದ ಕೈಯನ್ನು ಹಣೆಗೆ ಒತ್ತಿಕೊಂಡರು.

"ಚರಗದಾಗ ಹಕ್ಕಿ ಕಾಳು ಚೆಲ್ಲಿದ್ನಲ್ಲೋ. ಅದರಾಗ ಬಂದೈತಿ."

ಹಕ್ಕಿ ಕಾಳಿನಲ್ಲಿ ಗಾಂಜಾ ಬೀಜ ಬೆರೆತಿತ್ತು ಎಂಬ ಮಾತನ್ನು ಇಲ್ಲಿ ಯಾರು ನಂಬುತ್ತಾರೆ? ಮರುದಿನವೇ ಎ.ಸಿ. ನೋಡುವವರು ಬರುವವರಿದ್ದರು, ಅದರ ಹೊರಗಿನ ಯಂತ್ರ ಇದ್ದದ್ದು ಅದೇ ಗೋಡೆಗೆ. ಕಾಕಾರ ನಿವೃತ್ತಿ ಹತ್ತಿರ ಬಂದಿತ್ತು. ಸಿಕ್ಕಿಬಿದ್ದರೆ ಊರಿಗಲ್ಲ, ಜೈಲಿಗೆ. ಕೀಳೋಣ ಎಂದೆ, ಸುಡೋಣ ಎಂದೆ, ಸುಟ್ಟರೆ ವಾಸನೆ ಬರುತ್ತದೆ ಎಂದೂ ನಾನೇ ಹೇಳಿದೆ. ಬಗ್ಗಿ ಬುಡಕ್ಕೆ ಕೈ ಹಾಕುವಷ್ಟರಲ್ಲಿ ಅವರು ರಟ್ಟೆ ಹಿಡಿದು ಎಬ್ಬಿಸಿದರು.

"ಮುಟ್ಟಬ್ಯಾಡ. ಕೈ ತೊಳಕೊಂಡು ಮನಿಗೆ ಹೋಗು. ಯಾರರ ಕೇಳಿದ್ರ ಗೊತ್ತಿಲ್ಲ ಅನ್ನು."

"ನನಗೆ ಗೊತ್ತುಂಟಲ್ಲ ಕಾಕಾ."

"ನಾ ಏನ್ ಮಾಡಿದ್ನಿ ಅನ್ನೂದು ಗೊತ್ತಿರೂದಿಲ್ಲ. ನಿನ್ನ ಮಾರಿಗೆ ಸುಳ್ಳು ಬರೂದಿಲ್ಲ. ಅದಕ್ಕ ಖರೇನ ಗೊತ್ತಿರಬಾರದು."

ಉಣ್ಣದೆ ಬಸ್ಸು ಹತ್ತಿದೆ. ಆ ವಾರ ಫ್ಲ್ಯಾಟಿನ ಬಾಗಿಲು ಯಾರು ತಟ್ಟಿದರೂ ಇಣುಕಿ ನೋಡದೆ ತೆಗೆಯಲಿಲ್ಲ. ಮೊಬೈಲಿನಲ್ಲಿ ನೋಡಿದ್ದನ್ನೆಲ್ಲ ಅಳಿಸಿದೆ. ಅಳಿಸಿದ್ದರಿಂದಲೇ ಅನುಮಾನ ಬಂದೀತೇನೋ ಎಂದು ಮತ್ತೆ ಹೆದರಿದೆ. ಕಾಕಾ ಫೋನ್ ಮಾಡಲಿಲ್ಲ. ಮಾಡಲು ನನಗೂ ಧೈರ್ಯವಿರಲಿಲ್ಲ.

ಮುಂದಿನ ಶುಕ್ರವಾರ ಹೋದರೆ ಅವರೇ ಬಾಗಿಲು ತೆಗೆದರು. ಎ.ಸಿ.ಯವರು ಬಂದು, ಚಹಾ ಕುಡಿದು ಹೋದರಂತೆ. ಹಿತ್ತಲು ಬೋಳಾಗಿತ್ತು. ಆ ಒಂದು ಗಿಡವಷ್ಟೇ ಅಲ್ಲ, ಪುಂಡಿಯ ಸಾಲುಗಳೆಲ್ಲ ಹೋಗಿದ್ದವು, ಬೀಜ ಕಟ್ಟುವ ಮೊದಲೇ. ಭಯ ಹೊಕ್ಕ ಕಣ್ಣಿಗೆ ಪ್ರತಿ ಎಲೆಯೂ ಅದರಂತೆಯೇ ಕಂಡಿರಬೇಕು. ಮೂಲೆಯಲ್ಲಿ ಬಸಳೆ ಮಾತ್ರ ಚಪ್ಪರ ಹತ್ತುತ್ತಿತ್ತು.

"ಖಲಾಸ್" ಎಂದರು. "ನಿನ್ನ ಲೋಳಿ ಬಿಟ್ಟೀನಿ ನೋಡು."

ಏನು ಮಾಡಿದಿರಿ ಎಂದು ನಾನು ಕೇಳಲಿಲ್ಲ. ಕುವೈತಿನಲ್ಲಿ ಇದ್ದಷ್ಟು ದಿನವೂ ಅವರು ಮುಖ ಕಿವುಚುತ್ತಲೇ ರೊಟ್ಟಿಗೆ ಬಸಳೆ ಹಚ್ಚಿಕೊಂಡು ತಿಂದರು. ನಿವೃತ್ತಿಯಾಯಿತು, ಊರು ಸೇರಿದರು.

ಹೋದ ತಿಂಗಳು ಅವರ ಮಗಳ ಫೋನ್ ಬಂತು. ಅಪ್ಪ ಹೋದರು, ಹಾರ್ಟ್ ಅಟ್ಯಾಕ್ ಎಂದರು. ಕುವೈತಿನ ಹುಡುಗ ಎಂದು ನನ್ನನ್ನು ಆಗಾಗ ನೆನೆಯುತ್ತಿದ್ದರಂತೆ. ಫೋನ್ ಇಡುವ ಮೊದಲು ಆಕೆ ತಡೆದರು.

"ತಮ್ಮಾ, ಅವ್ವನ ಪುಂಡಿ ಬೀಜ ಅಪ್ಪ ತರಲೇ ಇಲ್ಲ. ಕೇಳಿದ್ರ ಎದ್ದು ಹೊರಗ ಹೋಗಿಬಿಡ್ತಿದ್ರು. ಏನಾತಂತ ನಿನಗೇನರ ಗೊತ್ತೇನು?"

ಆ ಹಿತ್ತಲಿನ ಬಗ್ಗೆ ನನ್ನನ್ನು ಇದುವರೆಗೆ ಕೇಳಿದವರು ಅವರೊಬ್ಬರೇ.

ಗೊತ್ತಿಲ್ಲ ಅಕ್ಕಾ ಎಂದೆ. ಫೋನಿನಲ್ಲಿ ಮುಖ ಕಾಣುವುದಿಲ್ಲ.