ತಟ್ಟೆಯ ಮುಟ್ಟದ ಬದಿ

ಅವಳು ಕರುಣೆಯಿಲ್ಲದ ಹೆಂಗಸು. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಅವಳ ಮೇಲಿನವರು ಅದಕ್ಕೆ ಶಿಸ್ತು ಎಂದು ಹೆಸರಿಟ್ಟಿದ್ದರು, ಜೊತೆಗೆ ಕೆಲಸ ಮಾಡುವವರು ಕೊಬ್ಬು ಎನ್ನುತ್ತಿದ್ದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದವಳು ಅವಳ ತಮ್ಮನ ಹೆಂಡತಿ ಒಬ್ಬಳೇ: "ನಮ್ಮ ಅತ್ತಿಗೆಗೆ ಎದೆ ಇರೋ ಜಾಗದಲ್ಲಿ ತಕ್ಕಡಿ ಇದೆ."

ಮೂವತ್ತೊಂದು ವರ್ಷದಿಂದ ಅವಳು ರೈಲು ನಿಲ್ದಾಣದ ಎದುರಿನ ಮುನ್ನೂರು ಕೋಣೆಗಳ ಹೋಟೆಲಿನಲ್ಲಿ ಕೆಲಸಕ್ಕಿದ್ದಳು. ರಿಸೆಪ್ಷನ್ನಿನಿಂದ ಹತ್ತು ಹೆಜ್ಜೆ ಆಚೆ, ಕಂಬದ ಪಕ್ಕ, ಅವಳದೊಂದು ಪುಟ್ಟ ಮೇಜು. ತಂಗಿದವರು ಬಂದು ಇವತ್ತು ಎಲ್ಲಿ ಒಳ್ಳೆಯ ಊಟ ಮಾಡಬಹುದು ಎಂದು ಕೇಳಿದರೆ ಉತ್ತರ ಹೇಳುವುದೇ ಅವಳ ಉದ್ಯೋಗ. ಕೇಳುವುದಕ್ಕೆ ಸುಲಭ. ಆ ಊರಿನಲ್ಲಿ ನಲವತ್ತು ದೇಶಗಳ ಜನ ನೆಲೆಸಿದ್ದರು, ಅಷ್ಟೇ ಬಗೆಯ ಅಡುಗೆಮನೆಗಳಿದ್ದವು. ಒಂದು ಬೀದಿಯಲ್ಲಿ ಹಬೆಯಲ್ಲಿ ಬೇಯಿಸುವವರು, ಇನ್ನೊಂದರಲ್ಲಿ ಕೆಂಡದ ಮೇಲೆ ಸುಡುವವರು, ಮೂರನೆಯದರಲ್ಲಿ ಏನನ್ನೂ ಬೇಯಿಸದೆ ಹಸಿಯಾಗಿಯೇ ಬಡಿಸಿ ದುಪ್ಪಟ್ಟು ವಸೂಲು ಮಾಡುವವರು. ಮೇಜಿನೆದುರು ಬಂದು ನಿಂತ ಒಂದೇ ಗುಂಪಿನಲ್ಲಿ ಒಬ್ಬಳಿಗೆ ಮೀನು ಆಗದು, ಒಬ್ಬನಿಗೆ ಹಾಲು ಆಗದು, ಮೂರನೆಯವನಿಗೆ ಆ ಇಬ್ಬರೂ ಆಗರು. ಇವರೆಲ್ಲರನ್ನೂ ಒಂದೇ ಕಡೆ ಕೂರಿಸಿ ಉಣ್ಣಿಸಿ, ಮರುದಿನ ಬೆಳಗ್ಗೆ ತಾವಾಗಿಯೇ ಬಂದು ಚೆನ್ನಾಗಿತ್ತು ಎನ್ನುವಂತೆ ಮಾಡುವುದು ಹುಡುಗಾಟದ ಮಾತಲ್ಲ.

ಅವಳ ಬಳಿ ಒಂದು ಪಟ್ಟಿ ಇತ್ತು. ದಪ್ಪ ಕಾಗದದ ಮೇಲೆ ಹನ್ನೆರಡು ಹೆಸರು; ಹದಿಮೂರನೆಯದಕ್ಕೆ ಜಾಗವಿಲ್ಲ. ಮೂರು ತಿಂಗಳಿಗೊಮ್ಮೆ ಅದು ಹೊಸದಾಗಿ ಅಚ್ಚಾಗುತ್ತಿತ್ತು. ಪಟ್ಟಿ ಸೇರಿದ ರೆಸ್ಟೋರೆಂಟಿನವರು ಹೊಸ ಪರದೆ ಕೊಳ್ಳುತ್ತಿದ್ದರು, ಪಟ್ಟಿಯಿಂದ ಬಿದ್ದವರು ಇರುವ ಪರದೆಯನ್ನೂ ಮಾರುತ್ತಿದ್ದರು. ಊರಿನ ಬಾಣಸಿಗರು ತಮ್ಮ ತಮ್ಮ ಭಾಷೆಗಳಲ್ಲಿ ಅವಳಿಗೆ ಜರಡಿ ಎಂದು ಅಡ್ಡಹೆಸರಿಟ್ಟಿದ್ದರು. ಅವಳ ಕಿವಿಗೆ ಅದು ಬಿದ್ದಿತ್ತು. ಇನ್ನೂ ಕೆಟ್ಟ ಹೆಸರುಗಳಿವೆ ಎಂದು ಸುಮ್ಮನಿದ್ದಳು.

ಅವಳು ರೆಸ್ಟೋರೆಂಟು ಆರಿಸುವ ಕ್ರಮ ಬೇರೆಯವರದ್ದರಂತಲ್ಲ. ಮೊದಲು ಮುಂಬಾಗಿಲಿಗೆ ಹೋಗುತ್ತಿರಲಿಲ್ಲ, ಹಿಂದಿನ ಓಣಿಗೆ ಹೋಗುತ್ತಿದ್ದಳು. ಕಸದ ಡಬ್ಬದ ಮುಚ್ಚಳ ಎತ್ತಿ ನೋಡುವಳು. ಪಾತ್ರೆ ತೊಳೆಯುವವರ ಕೈ ನೋಡುವಳು. ಅವರು ಊಟ ಮಾಡುವುದು ನಿಂತೋ ಕೂತೋ, ತಿನ್ನುವುದು ಬಿಸಿಯದೋ ಹಳಸಿದ್ದೋ ನೋಡುವಳು. ಮುಂದಿನ ಕೋಣೆಯಲ್ಲಿ ಮೇಣದ ಬತ್ತಿ ಹಚ್ಚುವುದು ಎಲ್ಲರಿಗೂ ಬರುತ್ತದೆ, ಹಿಂದಿನ ಓಣಿ ಸುಳ್ಳು ಹೇಳುವುದಿಲ್ಲ ಎಂಬುದು ಅವಳ ಲೆಕ್ಕಾಚಾರ. ಆಮೇಲೆ ಒಳಗೆ ಹೋಗಿ, ಅಡುಗೆಮನೆಯ ಬಾಗಿಲು ಕಾಣುವ ಮೇಜಿನಲ್ಲಿ ಒಬ್ಬಳೇ ಕೂತು, ಮೆನುವಿನಲ್ಲಿ ಯಾರ ಕಣ್ಣಿಗೂ ಬೀಳದಂಥ ಒಂದು ಪದಾರ್ಥ ತರಿಸುವಳು. ಬಂದ ತಟ್ಟೆಯಲ್ಲಿ ಸರಿಯಾಗಿ ಅರ್ಧ ತಿನ್ನುವಳು. ಚಮಚದಿಂದ ನಡುವೆ ಗೆರೆ ಎಳೆದಂತೆ ಈ ಬದಿ ಖಾಲಿ, ಆ ಬದಿಗೆ ಚಮಚದ ತುದಿಯೂ ತಾಕಿರುವುದಿಲ್ಲ. ಬಡಿಸುವವರಿಗೆ ಅದು ಅಹಂಕಾರವಾಗಿ ಕಾಣುತ್ತಿತ್ತು. ಅವಳು ಯಾರಿಗೂ ಕಾರಣ ಹೇಳಿದವಳಲ್ಲ.

ಕಾರಣ ಗೊತ್ತಿದ್ದದ್ದು ತಮ್ಮನಿಗೆ ಮಾತ್ರ. ಇಬ್ಬರೂ ಚಿಕ್ಕವರಿದ್ದಾಗ ಅವರ ಅಮ್ಮ ಒಂದು ದೊಡ್ಡ ರೆಸ್ಟೋರೆಂಟಿನಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಶಾಲೆ ಬಿಟ್ಟ ಮೇಲೆ ಮಕ್ಕಳು ಹಿಂದಿನ ಮೆಟ್ಟಿಲ ಮೇಲೆ ಕಾದು ಕೂರಬೇಕು. ಮೇಜುಗಳಿಂದ ವಾಪಸು ಬಂದ ತಟ್ಟೆಗಳಲ್ಲಿ ಒಂದು ಬದಿಯನ್ನು ಯಾರೂ ಮುಟ್ಟದೆ ಬಿಟ್ಟದ್ದು ಸಿಕ್ಕರೆ ಅಮ್ಮ ಅದನ್ನು ಸೆರಗಿನಂಚಿನಲ್ಲಿ ಮುಚ್ಚಿ ತರುತ್ತಿದ್ದಳು. ಎಂಜಲು ತಿನ್ನಿಸಲಾರೆ ಎಂಬ ಹಟ ಆಕೆಯದು. ಮುಟ್ಟದ ಬದಿ ಎಂಜಲಲ್ಲ ಎಂಬ ವಾದವೂ ಆಕೆಯದೇ. ಮಕ್ಕಳು ಪಾಲಿಗಾಗಿ ಜಗಳವಾಡಬಾರದು ಎಂದು ಒಂದು ನಿಯಮ ಮಾಡಿದ್ದಳು: ಒಬ್ಬರು ಚಮಚದಿಂದ ಗೆರೆ ಎಳೆದು ಎರಡು ಪಾಲು ಮಾಡಬೇಕು, ಇನ್ನೊಬ್ಬರು ಮೊದಲು ಆರಿಸಿಕೊಳ್ಳಬೇಕು. ಯಾವಾಗಲೂ ಗೆರೆ ಎಳೆಯುವವನು ತಮ್ಮ, ಆರಿಸುವವಳು ಅಕ್ಕ. ಅವನು ಎಷ್ಟೇ ನಾಜೂಕಾಗಿ ಎಳೆದರೂ ಒಂದು ಬದಿ ಒಂದು ತುತ್ತು ಹೆಚ್ಚೇ ಇರುತ್ತಿತ್ತು. ಅದು ಯಾವುದೆಂದು ಕಂಡುಹಿಡಿಯುವುದರಲ್ಲಿ ಅವಳ ಕಣ್ಣು ಒಮ್ಮೆಯೂ ತಪ್ಪಲಿಲ್ಲ. ಊರಿನ ದೊಡ್ಡ ಮನುಷ್ಯರು ಮುಂದೆ ನಂಬಿಕೊಂಡ ಆ ಕಣ್ಣು ತಯಾರಾದದ್ದು ಅಲ್ಲಿ, ತಮ್ಮನ ಪಾಲಿನ ತುತ್ತಿನ ಮೇಲೆ.

ತಮ್ಮ ದೊಡ್ಡವನಾಗಿ ಬಾಣಸಿಗನಾದ. ಇಪ್ಪತ್ತೈದು ವರ್ಷ ಬೇರೆಯವರ ಒಲೆಯ ಮುಂದೆ ಬೆಂದು, ಐವತ್ತು ದಾಟಿದ ಮೇಲೆ, ಹಳೆಯ ದರ್ಜಿ ಅಂಗಡಿಯೊಂದನ್ನು ಬಾಡಿಗೆಗೆ ಹಿಡಿದು ಮೂವತ್ತು ಕುರ್ಚಿಯ ರೆಸ್ಟೋರೆಂಟು ತೆರೆದ. ಬಿಳಿ ಮೇಜುಬಟ್ಟೆ, ದಿನಕ್ಕೆ ಆರೇ ಪದಾರ್ಥ, ಮೀನಿನ ಮೇಲೆ ಅವನ ಕೈಗುಣ. ಹೆಂಡತಿ ಮುಂದೆ ನಿಂತು ಬಂದವರನ್ನು ಮಾತಾಡಿಸುವಳು. ತಿಂದವರು ಹೊಗಳುತ್ತಿದ್ದರು, ಆದರೆ ತಿಂದವರು ಸಾಲದು. ಬಾಡಿಗೆಯ ಕರಾರು ಮುಗಿಯುತ್ತ ಬಂದಾಗ ಕಟ್ಟಡದ ಯಜಮಾನ ನಗುನಗುತ್ತಲೇ ಹೇಳಿ ಹೋದ: ನಿಲ್ದಾಣದೆದುರಿನ ಹೋಟೆಲಿನ ಪಟ್ಟಿಯಲ್ಲಿ ನಿಮ್ಮ ಹೆಸರು ಬಂದರೆ ಇನ್ನೈದು ವರ್ಷ ಇರಿ, ಬರದಿದ್ದರೆ ಕನ್ನಡಕದ ಅಂಗಡಿಯವರು ಕೇಳುತ್ತಿದ್ದಾರೆ.

ತಮ್ಮ ಅಕ್ಕನ ಮನೆಗೆ ಹೋದ. ಅವಳು ಒಂಟಿಯಾಗಿ ಇದ್ದ ಆ ಎರಡು ಕೋಣೆಗಳಿಗೆ ಅವನು ಹೋಗುತ್ತಿದ್ದದ್ದೇ ಅಪರೂಪ. ಅವಳು ಕೊಟ್ಟ ಕಾಫಿಯನ್ನು ಆರುವವರೆಗೂ ಕೈಯಲ್ಲೇ ಹಿಡಿದುಕೊಂಡಿದ್ದು, ಕೊನೆಗೆ ಕೇಳಿದ.

"ಅಕ್ಕ, ಒಂದು ಸಲ ಬಂದು ನೋಡು. ಚೆನ್ನಾಗಿಲ್ಲ ಅನ್ನಿಸಿದ್ರೆ ಬಿಟ್ಟುಬಿಡು. ಬಂದು ನೋಡು ಅಷ್ಟೇ."

"ಬಂದಾಗ ಬರ್ತೀನಿ. ಯಾವತ್ತು ಅಂತ ಕೇಳಬೇಡ."

ಅವನು ಕೇಳಲಿಲ್ಲ. ಆದರೆ ಕೇಳದೆಯೇ ಗೊತ್ತಾಗುವ ದಾರಿಯೊಂದಿತ್ತು. ಹೋಟೆಲಿನ ಬಾಗಿಲಲ್ಲಿ ಲಗೇಜು ಹೊರುವ ಮುದುಕನೊಬ್ಬ ಅವಳ ಒಂದು ಗುಟ್ಟನ್ನು ಪತ್ತೆ ಹಚ್ಚಿದ್ದ. ಹಿಂದಿನ ಓಣಿಗಳು ಸದಾ ಒದ್ದೆ, ಎಣ್ಣೆ ಜಿಡ್ಡು. ಆದ್ದರಿಂದ ತಪಾಸಣೆಗೆ ಹೋಗುವ ದಿನ ಅವಳು ಬಟ್ಟೆಯ ಚೀಲದಲ್ಲಿ ರಬ್ಬರ್ ಅಟ್ಟೆಯ ಹಳೆಯ ಶೂ ತರುತ್ತಿದ್ದಳು. ಆ ಮೂರು ತಿಂಗಳಲ್ಲಿ ಅವಳು ನೋಡಬೇಕಾಗಿ ಉಳಿದಿದ್ದದ್ದು ಒಂದೇ ಜಾಗ ಎಂಬುದೂ ಮುದುಕನಿಗೆ ಗೊತ್ತಿತ್ತು. ತಮ್ಮನ ಮದುವೆಯಲ್ಲಿ ಊಟ ಮಾಡಿದ್ದವನು ಅವನು. ಒಂದು ಗುರುವಾರ ಬೆಳಗ್ಗೆ ಚೀಲ ಕಣ್ಣಿಗೆ ಬಿದ್ದ ಕೂಡಲೇ ಫೋನ್ ಮಾಡಿ, ನಿಮ್ಮಕ್ಕ ಇವತ್ತು ಚೀಲ ತಂದಿದ್ದಾರೆ ಎಂದಷ್ಟೇ ಹೇಳಿ ಇಟ್ಟುಬಿಟ್ಟ.

ತಪ್ಪು ಆದದ್ದು ಅಲ್ಲಿಂದ ಮುಂದೆ. ತಮ್ಮ ಎಂದಿನಂತೆ ಅಡುಗೆ ಮಾಡಿಕೊಂಡಿದ್ದರೆ ಸಾಕಿತ್ತು. ಅವನು ಓಣಿಯನ್ನು ತೊಳೆಸಿದ. ಡಬ್ಬಗಳನ್ನು ಸೋಪು ಹಾಕಿ ಉಜ್ಜಿಸಿದ. ಪಾತ್ರೆ ತೊಳೆಯುವವಳಿಗೆ ಹೊಸ ಏಪ್ರನ್ ತೊಡಿಸಿದ. ಸಾಲದ್ದಕ್ಕೆ ಅಂಗಡಿಗೆ ಓಡಿ ಎರಡು ಹೊಸ ಕುರ್ಚಿ ತಂದು ಹಿಂಬಾಗಿಲ ಪಕ್ಕ ಇರಿಸಿದ.

ಮಧ್ಯಾಹ್ನ ಒಂದೂವರೆಗೆ ಅವಳು ಓಣಿಗೆ ಕಾಲಿಟ್ಟಳು. ಎರಡು ಹೆಜ್ಜೆಗೇ ನಿಂತಳು. ಮೊದಲನೆಯ ಡಬ್ಬದ ಮುಚ್ಚಳ ಎತ್ತಿದರೆ ಒಳಗೆ ಸೋಪಿನ ವಾಸನೆ. ಊಟದ ಹೊತ್ತಿನಲ್ಲಿ ಯಾವ ಅಡುಗೆಮನೆಯ ಡಬ್ಬದಲ್ಲಿ ಸೋಪಿನ ವಾಸನೆ ಇರುತ್ತದೆ? ಪಾತ್ರೆಯವಳ ಏಪ್ರನ್ನಿನ ಮೇಲೆ ಅಂಗಡಿಯ ಮಡಿಕೆಯ ಗೆರೆ ಇನ್ನೂ ಹೋಗಿರಲಿಲ್ಲ. ಕುರ್ಚಿಯ ಕಾಲಿಗೆ ಬೆಲೆಚೀಟಿ ಅಂಟಿಕೊಂಡಿತ್ತು.

ತಮ್ಮ ಹಿಂಬಾಗಿಲಲ್ಲಿ ಕಾಣಿಸಿಕೊಂಡ. ಒಳಗಿನಿಂದ ಬೆಣ್ಣೆಯಲ್ಲಿ ಬೇಯುತ್ತಿದ್ದ ಮೀನಿನ ಘಮ ಬರುತ್ತಿತ್ತು. ಅದು ಒಳ್ಳೆಯ ಘಮ ಎಂಬುದು ಅವಳಿಗೆ ತಿಳಿಯದೇ ಹೋಗಲಿಲ್ಲ.

"ಒಳಗೆ ಬಾ ಅಕ್ಕ."

"ಯಾರು ಹೇಳಿದ್ದು?"

ಅವನು ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡ.

"ಈ ಕುರ್ಚಿ ಯಾವಾಗ ತಂದೆ?"

"ಇವತ್ತು." ಸುಳ್ಳು ಹೇಳಿ ಅವನಿಗೆ ಅಭ್ಯಾಸವಿರಲಿಲ್ಲ. "ತರಬೇಕು ತರಬೇಕು ಅಂತ ಮೊದಲಿಂದ ಇತ್ತು. ಅಮ್ಮ ಆ ಮೆಟ್ಟಿಲ ಮೇಲೆ..."

"ಅಮ್ಮನ್ನ ಎಳೆದು ತರಬೇಡ."

"ತಿಂದಾದ್ರೂ ಹೋಗು. ಬರೀ ಅರ್ಧ ತಿನ್ನು."

ಮೊದಲೇ ತಿಳಿದು ತಯಾರಾದ ಜಾಗವನ್ನು ಪಟ್ಟಿಗೆ ಸೇರಿಸುವುದಿಲ್ಲ ಎಂಬುದು ಅವಳ ಹಳೆಯ ನಿಯಮ. ಬೇರೆ ಯಾರಾಗಿದ್ದರೂ ಅವಳು ತಿರುಗಿ ಹೊರಟುಹೋಗುತ್ತಿದ್ದಳು. ತಮ್ಮ ಎಂದು ನಿಯಮ ಮುರಿದರೆ ಉಳಿದ ಹನ್ನೊಂದು ಹೆಸರಿಗೆ ಏನು ಬೆಲೆ ಎಂದು ತನ್ನನ್ನೇ ಕೇಳಿಕೊಂಡಳು. ಪ್ರಶ್ನೆ ಸರಿಯಾಗಿಯೇ ಇತ್ತು. ತಿರುಗಿ ಹೊರಟುಹೋದಳು.

ಮರುದಿನ ಅವಳು ಇನ್ನೂ ಒಂದು ಕೆಲಸ ಮಾಡಿದಳು. ಬೆಳಗ್ಗೆ ಬಾಗಿಲಲ್ಲಿ ತನ್ನ ಚೀಲದ ಮೇಲೆ ಕಣ್ಣಿಟ್ಟವನು ಯಾರೆಂದು ನೆನಪಿಸಿಕೊಂಡು, ಲಗೇಜಿನ ಮುದುಕ ಮಾಡಿದ್ದನ್ನು ಮ್ಯಾನೇಜರಿಗೆ ತಿಳಿಸಿದಳು. ಅವನನ್ನು ನೆಲಮಾಳಿಗೆಯ ಬಟ್ಟೆ ಒಗೆಯುವ ವಿಭಾಗಕ್ಕೆ ಹಾಕಿದರು. ಅಲ್ಲಿನ ಬಿಸಿಗಾಳಿ ಅವನ ದಮ್ಮಿಗೆ ಆಗಿಬರಲಿಲ್ಲ. ನಾಲ್ಕು ತಿಂಗಳಲ್ಲಿ ಕೆಲಸ ಬಿಟ್ಟ. ಆ ದಿನಗಳಲ್ಲಿ ಹೋಟೆಲಿನ ಸಿಬ್ಬಂದಿ ಊಟದ ಕೋಣೆಯಲ್ಲಿ ಅವಳು ಕೂತ ಮೇಜಿನಲ್ಲಿ ಬೇರೆ ಯಾರೂ ಕೂರಲಿಲ್ಲ. ಅವಳಿಗೆ ಕೈಕಾಲು ಚಾಚಿಕೊಂಡು ಕೂರಲು ಜಾಗ ಸಿಕ್ಕಿತು.

ಹೊಸ ಪಟ್ಟಿ ಅಚ್ಚಾಯಿತು. ತಿಂಗಳ ಕೊನೆಗೆ ಕನ್ನಡಕದ ಅಂಗಡಿಯವರು ಬಂದು ಗೋಡೆ ಅಳೆದುಕೊಂಡು ಹೋದರು.

ಸಾಮಾನು ಸಾಗಿಸುವ ದಿನ ಅವಳು ಹೋದಳು. ಕರೆದವರು ಯಾರೂ ಇರಲಿಲ್ಲ. ತಮ್ಮ ಹಾಸಿಗೆ ಹಿಡಿದಿದ್ದ. ಜ್ವರವೋ ಮನೋವ್ಯಥೆಯೋ, ಅವನ ಹೆಂಡತಿ ಬಿಡಿಸಿ ಹೇಳಲಿಲ್ಲ. ಆಕೆ ಒಬ್ಬಳೇ ನಿಂತು ಮೇಜುಬಟ್ಟೆಗಳನ್ನು ಮಡಚುತ್ತಿದ್ದಳು. ಅತ್ತಿಗೆಯನ್ನು ಕಂಡೂ ಮಡಚುವುದನ್ನು ನಿಲ್ಲಿಸಲಿಲ್ಲ. ಬಟ್ಟೆಯ ಮೇಲಿಂದ ಕಣ್ಣೆತ್ತದೆ ಮಾತಾಡಿದಳು.

"ಆ ಎರಡು ಕುರ್ಚಿ ಇವತ್ತಿನವರೆಗೂ ಅಲ್ಲೇ ಇದ್ದವು ಅತ್ತಿಗೆ. ನೀವು ಹೋದ ಮರುದಿನವೂ ಇದ್ದವು, ಅದರ ಮರುದಿನವೂ ಇದ್ದವು. ಪಾತ್ರೆಯವಳು ಅದರಲ್ಲಿ ಕೂತೇ ಊಟ ಮಾಡ್ತಿದ್ದಳು. ನಾವು ತಿನ್ನೋ ಊಟವನ್ನೇ. ಹೋಗಿ ನೋಡಿ ಬೇಕಾದ್ರೆ, ಒಂದರ ಕೂರೋ ಜಾಗ ಆಗಲೇ ಮಾಸಿದೆ."

ಅವಳು ಹಿಂದಕ್ಕೆ ಹೋಗಿ ನೋಡಿದಳು. ಬೆಲೆಚೀಟಿ ಉದುರಿ, ಅದರ ಗೋಂದು ಮಾತ್ರ ಕಪ್ಪಾಗಿ ಉಳಿದಿತ್ತು. ಓಣಿಯಲ್ಲಿ ಎಂದಿನ ಜಿಡ್ಡು, ಡಬ್ಬದಲ್ಲಿ ಎಂದಿನ ಕಸ. ಅದರಲ್ಲಿ ಹಳಸಿದ್ದೇನೂ ಇರಲಿಲ್ಲ. ಒಳಗೆ ಬಂದು, ಆವತ್ತಿಗೆ ಮೊದಲು ಕುರ್ಚಿ ಇರಲಿಲ್ಲವಲ್ಲ ಎಂದಷ್ಟೇ ಹೇಳಿದಳು. ಕ್ಷಮಿಸು ಎನ್ನಲಿಲ್ಲ. ಆ ಮಾತು ಅವಳ ಬಾಯಲ್ಲಿ ಬಂದದ್ದನ್ನು ಕೇಳಿದವರು ಆ ಊರಿನಲ್ಲಿ ಯಾರೂ ಇಲ್ಲ.

ಸ್ವಂತ ರೆಸ್ಟೋರೆಂಟು ಮುಚ್ಚಿದ ಐವತ್ಮೂರರ ಬಾಣಸಿಗನನ್ನು ಯಾರು ಒಲೆಯ ಮುಂದೆ ನಿಲ್ಲಿಸುತ್ತಾರೆ? ಒಂಬತ್ತು ತಿಂಗಳು ಅಲೆದು ತಮ್ಮ ಒಂದು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವ ಕೆಲಸಕ್ಕೆ ಸೇರಿದ. ಅಮ್ಮನ ಕೆಲಸವೇ ಅವನಿಗೆ ಸಿಕ್ಕಿತು. ಸುದ್ದಿ ಬೇರೆಯವರ ಬಾಯಿಂದ ಅವಳನ್ನು ಮುಟ್ಟಿತು. ಕೇಳಿ, ಒಂದು ವಾರ ಅವಳು ತಂಗಿದವರಿಗೆ ರೆಸ್ಟೋರೆಂಟು ಹೇಳುವಾಗ ಎರಡೆರಡು ಸಲ ತಡವರಿಸಿದಳು. ಅದನ್ನು ಗಮನಿಸಲು ಬಾಗಿಲಲ್ಲಿ ಈಗ ಹಳೆಯ ಮುದುಕ ಇರಲಿಲ್ಲ.

ಮುಂದಿನ ಗುರುವಾರ ಮಧ್ಯಾಹ್ನ ಅವಳು ಆಸ್ಪತ್ರೆಗೆ ಹೋದಳು. ಬಟ್ಟೆಯ ಚೀಲ ತಂದಿರಲಿಲ್ಲ; ಕಾಲಲ್ಲಿ ಕೆಲಸದ ಒಳ್ಳೆಯ ಚರ್ಮದ ಶೂ. ಓಣಿಗೆ ಹೋಗಿ ನೋಡದೆ ನೇರ ಮುಂಬಾಗಿಲಿನಿಂದ ಒಳಹೊಕ್ಕು, ರೋಗಿಗಳ ಕಡೆಯವರ ಸಾಲಿನಲ್ಲಿ ನಿಂತು, ಬಡಿಸಿದ್ದನ್ನು ಹಾಕಿಸಿಕೊಂಡಳು. ಬೇಯಿಸಿದ ಆಲೂಗಡ್ಡೆ, ಬಟಾಣಿ, ಒಣಗಿದ ಒಂದು ತುಂಡು ಮೀನು. ಜರಡಿ ಎನ್ನಿಸಿಕೊಂಡವಳ ತಟ್ಟೆಗೆ ಅಷ್ಟು ಕೆಟ್ಟ ಮೀನು ಬಿದ್ದು ಎಷ್ಟೋ ವರ್ಷವಾಗಿತ್ತು. ಗೆರೆ ಎಳೆದಂತೆ ಅರ್ಧ ತಿಂದಳು. ಎದ್ದು, ಖಾಲಿ ತಟ್ಟೆ ಇಡುವ ಕಟ್ಟೆಯನ್ನು ದಾಟಿ, ತಟ್ಟೆಯನ್ನು ಕೈಯಲ್ಲೇ ಹಿಡಿದು, ಕಟ್ಟಡ ಬಳಸಿ ಹಿಂದಕ್ಕೆ ಹೋದಳು. ಓಣಿಯ ನೀರು ಶೂ ಒಳಗೆ ಇಳಿಯಿತು.

ತಮ್ಮ ಬೋರಲು ಹಾಕಿದ ಕ್ರೇಟಿನ ಮೇಲೆ ಕೂತಿದ್ದ. ಸೋಡಾಪುಡಿಯ ನೀರಿಗೆ ಅವನ ಬೆರಳುಗಳು ಊದಿ ಬಿಳಿಚಿಕೊಂಡಿದ್ದವು. ಅಕ್ಕನನ್ನು ನೋಡಿದ, ಅವಳ ಶೂ ನೋಡಿದ, ಆಮೇಲೆ ತಟ್ಟೆ ನೋಡಿದ. ಅವಳು ಅದನ್ನು ತಿರುಗಿಸಿ, ಮುಟ್ಟದ ಬದಿ ಅವನ ಕಡೆಗೆ ಬರುವಂತೆ ಹಿಡಿದಿದ್ದಳು. ಅವನು ತೆಗೆದುಕೊಳ್ಳುತ್ತಾನೋ ಇಲ್ಲವೋ ಎಂದು ಅವಳಿಗೆ ಖಾತ್ರಿಯಿರಲಿಲ್ಲ. ಅವನಿಗೂ ಇರಲಿಲ್ಲವೆಂದು ಕಾಣುತ್ತದೆ.

"ಉಪ್ಪೇ ಹಾಕಿರಲ್ಲ ಇವರು," ಎಂದ ಕೊನೆಗೆ.

"ಗೊತ್ತಾಯ್ತು."

ಅವನು ತಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಊದಿದ ಬೆರಳಲ್ಲಿ ಚಮಚ ಸರಿಯಾಗಿ ನಿಲ್ಲುತ್ತಿರಲಿಲ್ಲ. ಉಳಿದ ಅರ್ಧದ ನಡುವೆ ಗೆರೆ ಎಳೆದ. ಗೆರೆ ಸೊಟ್ಟಗೆ ಹೋಗಿ, ಮೀನು ಪೂರ್ತಿ ಒಂದು ಬದಿಗೆ ಉಳಿಯಿತು. ಅವನು ಅದನ್ನು ಸರಿಮಾಡಲಿಲ್ಲ. ಚಮಚವನ್ನು ಅವಳ ಕಡೆಗೆ ಚಾಚಿ, ಆರಿಸಿಕೊಳ್ಳಲಿ ಎಂದು ಕಾದ.

ಅವಳು ಒದ್ದೆ ಮೆಟ್ಟಿಲ ಮೇಲೆ ಕೂತಳು. ಎರಡೂ ಬದಿಯನ್ನು, ಪಟ್ಟಿಗೆ ಹೆಸರು ಆರಿಸುವಾಗ ನೋಡುವಷ್ಟೇ ಹೊತ್ತು ನೋಡಿದಳು. ಆಮೇಲೆ ಚಮಚ ತೆಗೆದುಕೊಂಡು, ಬಟಾಣಿಯಿದ್ದ ಚಿಕ್ಕ ಪಾಲನ್ನು ತಿನ್ನತೊಡಗಿದಳು.