ಚೀಲದಲ್ಲೇ ಉಳಿದ ಸ್ಕ್ಯಾನ್ ರಿಪೋರ್ಟ್

ಇಲ್ಲ... ನಂಬಲು ಆಗುತ್ತಿಲ್ಲ.
ಮಧ್ಯಾಹ್ನ ಭಾಲ್ಕಿಯ ಮನೆಯಲ್ಲಿ ಊಟಕ್ಕೆ ಕೂತಿದ್ದೆ. ಬೀದರ್‌ನಿಂದ ಶಾಂತಾಳ ಮಗಳ ಫೋನ್.
"ಆಂಟಿ... ಅವ್ವ ಹೋದಳ್ರಿ."
ಕಲಸಿದ ಅನ್ನ ತಟ್ಟೆಯಲ್ಲಿ ಇನ್ನೂ ಹಾಗೇ ಇದೆ.

ಶಾಂತಾಬಾಯಿ ಟೀಚರ್...
ಔರಾದ ಶಾಲೆಯಲ್ಲಿ ನಾವಿಬ್ಬರೂ ಇಪ್ಪತ್ತಾರು ವರ್ಷ ಒಂದೇ ಸ್ಟಾಫ್‌ರೂಮಿನಲ್ಲಿದ್ದೆವು. ಅವಳು ದಿನಾ ಬೀದರ್ ಬಸ್ಸಿಗೆ ಬರುತ್ತಿದ್ದಳು, ನಾನು ಭಾಲ್ಕಿ ಬಸ್ಸಿಗೆ.
ಬೀದರ್ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ಹುಟ್ಟಿದವಳು. ನಿಜಾಮರ ಕಾಲದಲ್ಲಿ ಅಪ್ಪ ಕಲಿತದ್ದು ಉರ್ದು, ಮಗಳು ಕನ್ನಡ ಟೀಚರ್.
"ನಾನೂ ಈ ರಾಜ್ಯಾನೂ ಒಂದ ವಾರಗಿ ನೋಡ್ರಿ ಆಪಾ" ಎಂದು ನಗುತ್ತಿದ್ದಳು. ಅವಳಿಗೆ ನಾನು ಆಪಾ, ಅಂದರೆ ಅಕ್ಕ.

ಫ್ರೆಂಡ್ಸ್, ಮುಂದಿನದನ್ನು ಪೂರ್ತಿ ಓದಿ. ಹೇಳದೆ ಇರಲು ನನ್ನಿಂದ ಆಗುತ್ತಿಲ್ಲ.

ಎರಡು ವರ್ಷದ ಹಿಂದೆ ಅವಳ ಎದೆಯಲ್ಲಿ ಗಂಟು ಕಂಡಿತು. ಕ್ಯಾನ್ಸರ್. ಸ್ಕ್ಯಾನ್ ಮಾಡಿಸಿದರೆ ಬೆನ್ನುಮೂಳೆಗೂ ಇಳಿದಿತ್ತು...
ಬೀದರ್‌ನ ಡಾಕ್ಟರು ಬಿಡಿಸಿ ಹೇಳಿದ್ದರು.
"ಹರಡಿದ ಮ್ಯಾಲ ಎದಿ ತೆಗೆದ್ರ ಆಯುಷ್ಯ ಹೆಚ್ಚಾಗಂಗಿಲ್ರಿ. ಗಂಟು ಒಡದು ರಕ್ತ ಬಂದ್ರ ಆಗ ಆಪರೇಷನ್ ನೋಡೋಣು. ಈಗ ಮಾತ್ರಿ ಬಿಡಬ್ಯಾಡ್ರಿ."

ನನಗೆ ಸಿಟ್ಟು ಬಂತು. ನಮ್ಮ ಚಿಕ್ಕಮ್ಮ ಎದೆ ತೆಗೆಸಿಕೊಂಡು ಇಪ್ಪತ್ತು ವರ್ಷ ಬದುಕಿದ್ದಳು. ಅವಳದು ಎಲ್ಲೂ ಹರಡಿರಲಿಲ್ಲ... ಅದು ನನ್ನ ತಲೆಗೇ ಹೋಗಲಿಲ್ಲ.
"ತೆಗೆಸಿ ಒಗಿ ಶಾಂತಾ, ಪೀಡಾ ಹೋಗ್ಲಿ" ಎಂದೆ.
ಬೇರೆ ಊರಿನ ಸರ್ಜನ್ ಹತ್ತಿರ ನಾನೇ ಕರೆದುಕೊಂಡು ಹೋದೆ. ಗಂಟಿನ ರಿಪೋರ್ಟ್ ಅಷ್ಟೇ ತೋರಿಸಿದೆ. ಸ್ಕ್ಯಾನ್ ನೋಡಿದರೆ ಇವರೂ ಬೇಡ ಎನ್ನುತ್ತಾರೆಂದು ಅದನ್ನು ಚೀಲದಲ್ಲಿ, ಟಿಫಿನ್ ಡಬ್ಬಿಯ ಕೆಳಗೆ ಇಟ್ಟಿದ್ದೆ.
"ಬೆನ್ನು ನೋವು ಅದ ಏನ್ರಿ?" ಎಂದು ಅವರು ಕೇಳಿದರು.
"ಅದು ಔರಾದ ಬಸ್ಸಿನ ಕುಲುಕಾಟ ರೀ ಸಾಹೇಬ್ರ. ನಮ್ಮ ಕಡಿ ಎಲ್ಲಾ ಟೀಚರ್‌ಗೂ ಇರ್ತದ."
ಅವರು ನಕ್ಕರು. ನಾನೂ ನಕ್ಕೆ.

ಶಾಂತಾ... ಆಗ ನೀನು ನನ್ನ ಮುಖ ನೋಡಿದೆ. ಹೇಳಲೇ ಎಂದು ಕೇಳಿದಂತಿತ್ತು. ನಾನು ಚೀಲದ ಜಿಪ್ ಎಳೆದೆ.
ಆಪರೇಷನ್ ಆದ ಮೇಲೆ "ಹಗುರಾತು ಆಪಾ" ಎಂದೆ ನೀನು.
ಆ ಗಾಯ ಮಾಯಲೇ ಇಲ್ಲ. ಅದು ಮಾಯಲಿ ಎಂದು ಬೀದರ್ ಡಾಕ್ಟರು ಕೊಟ್ಟ ಮಾತ್ರೆ ನಿಂತವು... ತಿಂಗಳುಗಟ್ಟಲೆ. ಒಂದು ಬೆಳಿಗ್ಗೆ ನೀನು ಏಳಲು ಹೋದರೆ ಕಾಲುಗಳು ಏಳಲಿಲ್ಲ; ಬೆನ್ನುಮೂಳೆಯ ಕ್ಯಾನ್ಸರ್ ಬೆಳೆದು ನರ ಒತ್ತಿತ್ತು.
ಮಾತ್ರೆ ಬಿಡದಿದ್ದರೆ ಎಷ್ಟು ದಿನ ಸಿಗುತ್ತಿತ್ತೋ, ಯಾರಿಗೂ ಗೊತ್ತಿಲ್ಲ. ಆ ದಿನಗಳನ್ನು ಕಸಿದವಳು ನಾನು.

ಇನ್ನೊಂದು ಮಾತಿದೆ ಫ್ರೆಂಡ್ಸ್...
ಆಪರೇಷನ್ ಆದ ವಾರ ಇಲ್ಲೇ ಅವಳ ಫೋಟೋ ಹಾಕಿ "ಶಾಂತಾ ಗೆದ್ದಳು" ಎಂದು ಬರೆದಿದ್ದೆ. ನೀವೆಲ್ಲ ಲೈಕ್ ಕೊಟ್ಟಿರಿ.
ಅದನ್ನು ಓದಿ ಒಬ್ಬ ಹೆಣ್ಣುಮಗಳು ಇನ್‌ಬಾಕ್ಸ್‌ಗೆ ಬಂದಳು. "ನನಗೂ ಮೂಳೀಗಿ ಹರಡ್ಯಾದ ರೀ ಅಕ್ಕಾ, ಡಾಕ್ಟರ್ ಆಪರೇಷನ್ ಬ್ಯಾಡ ಅಂತಾರ. ಏನ್ ಮಾಡ್ಲಿ?"
"ತೆಗೆಸಿ ಒಗಿ" ಎಂದು ಬರೆದು ಆ ಸರ್ಜನ್ ಅಡ್ರೆಸ್ ಕೊಟ್ಟಿದ್ದೆ.
ಆಮೇಲೆ ಅವಳ ಸುದ್ದಿಯಿಲ್ಲ. ಇವತ್ತು ನಾಲ್ಕು ಮೆಸೇಜ್ ಕಳಿಸಿದ್ದೇನೆ. ಒಂದನ್ನೂ ತೆರೆದಿಲ್ಲ...

ಹೋಗಿ ಬಾ ಶಾಂತಾ.
ನಿನ್ನ ಬೆನ್ನ ನೋವು ಮಣ್ಣಿನಲ್ಲೇ ಮುಗಿಯಲಿ, ನಿನ್ನ ಜೀವಕ್ಕೆ ನೆಮ್ಮದಿ ಸಿಗಲಿ.
ಆ ಹೆಣ್ಣುಮಗಳು ನನಗೊಂದು ಉತ್ತರ ಬರೆಯಲಿ.