ಮಿನಾರಿನ ಪಕ್ಕದ ಸಂದು

ನನ್ನ ಮಾವ, ಅಂದರೆ ಹೆಂಡತಿಯ ಅಪ್ಪ, ಗಾರೆ ಮೇಸ್ತ್ರಿ. ನಲವತ್ತು ವರ್ಷ ಒಂದೇ ಕಟ್ಟಡಕ್ಕೆ ತೇಪೆ ಹಾಕುತ್ತ ಬದುಕಿದವರು. ಅದು ಐನೂರು ವರ್ಷದ ಹಳೆಯ ಮದರಸಾ. ನಡುವೆ ಅಂಗಳ, ಅಂಗಳದ ನಡುವೆ ಕೊಳ, ಮೂರು ಕಡೆ ಓದುವ ಹುಡುಗರ ಪುಟ್ಟ ಕೋಣೆಗಳು, ನಾಲ್ಕನೆಯ ಕಡೆ ಕಮಾನುಗಳ ದೊಡ್ಡ ಪಾಠದ ಮನೆ. ಅದರ ಮೂಲೆಗೆ ಎತ್ತರದ ಮಿನಾರು. ಗೋಡೆಗೂ ಮಿನಾರಿಗೂ ಮೈತುಂಬ ನೀಲಿ ಮೆರುಗಿನ ಬಿಲ್ಲೆಗಳು. ಒಂದು ಕಾಲಕ್ಕೆ ಅದು ಕುದುರೆ ಲಾಯವಾಯಿತು, ಆಮೇಲೆ ದವಸದ ಉಗ್ರಾಣ, ಆಮೇಲೆ ಕಚೇರಿ; ಕಡೆಗೆ ಮತ್ತೆ ಪಾಠಶಾಲೆ. ನಾನು ನಾಲ್ಕನೇ ಕ್ಲಾಸಿಗೇ ಸ್ಲೇಟು ಬಿಸಾಕಿ ಬಂದವನು. ಈ ಚರಿತ್ರೆಯನ್ನೆಲ್ಲ ಸುಣ್ಣ ಅರೆಯುತ್ತ ಮಾವನ ಬಾಯಿಂದ ಕೇಳಿದ್ದು.

"ಗೋಡೆನೂ ಉಸಿರಾಡುತ್ತೆ ಅಳಿಯಾ. ನಿನ್ನ ಹಾಗೆ ಬುಸುಗುಟ್ಟಲ್ಲ, ಅಷ್ಟೆ," ಎನ್ನುತ್ತಿದ್ದರು. ನನ್ನ ಸಿಟ್ಟು ಬೀದಿಗೆಲ್ಲ ಗೊತ್ತು.

ಆ ವರ್ಷ ಪಾಠದ ಮನೆಯ ಗೋಡೆಯಿಂದ ಬಿಲ್ಲೆಗಳು ಉದುರತೊಡಗಿದವು. ಕಮಾನಿನ ನೆತ್ತಿಯಲ್ಲಿ ಸೀಳು ಬಂತು. ಇಂಜಿನಿಯರು ಬಂದು, ಅಡಿಪಾಯ ಕುಸಿದಿದೆ, ಗೋಡೆ ಕೆಡವಿ ಹೊಸದು ಕಟ್ಟಿ ಎಂದು ಬರೆದುಕೊಟ್ಟು ಹೋದರು. ಮಾವನಿಗೆ ಅನ್ನ ಸೇರಲಿಲ್ಲ. ಮೂರು ದಿನ ಅಟ್ಟಣೆಯ ಮೇಲೆ ಕುಳಿತು ಗೋಡೆಯನ್ನೇ ನೋಡಿದರು. ನಾಲ್ಕನೆಯ ದಿನ ನನ್ನನ್ನು ಕರೆದು, ಮಿನಾರು ಗೋಡೆಗೆ ಸೇರುವಲ್ಲಿ ಉಳಿ ಇಟ್ಟು ಒಂದು ಚಕ್ಕೆ ಎಬ್ಬಿಸಿದರು. ಸುಣ್ಣದ ಗಾರೆಯ ಕಟ್ಟಡದ ಒಳಗೆ ಸಿಮೆಂಟು.

"ಯಾವ ಬೇವಕೂಫನ ಕೆಲಸ ಇದು?" ಎಂದು ರೇಗಿದೆ.

"ನಂದು," ಎಂದರು.

ಇಪ್ಪತ್ತೆರಡರ ವಯಸ್ಸಿನಲ್ಲಿ ಅಲ್ಲಿ ಎರಡು ಬೆರಳಗಲದ ಸಂದು ಕಂಡು, ಬಿರುಕೆಂದುಕೊಂಡು, ನೆಲದಿಂದ ಸೂರಿನವರೆಗೆ ತುಂಬಿದ್ದರು. ಅದಕ್ಕೆ ಶಹಬ್ಬಾಸ್‌ಗಿರಿ ಸಿಕ್ಕಿತು; ಮೇಸ್ತ್ರಿಯಾದದ್ದೂ ಅದರಿಂದಲೇ.

"ಒಳಮೈ ಮುಟ್ಟಿ ನೋಡು. ನುಣ್ಣಗೆ ಗಾರೆ ತಿಕ್ಕಿದಾರೆ. ಬಿರುಕಿನೊಳಗೆ ಯಾರಾದ್ರೂ ಗಾರೆ ತಿಕ್ತಾರಾ?"

ಕಟ್ಟಿದವರು ಬೇಕೆಂದೇ ಬಿಟ್ಟ ಸಂದು. ಮಿನಾರು ಗಾಳಿಗೆ ಕೂದಲೆಳೆಯಷ್ಟು ತೂಗುತ್ತದೆ, ಬಿಸಿಲಿಗೆ ಹಿಗ್ಗುತ್ತದೆ. ಅದು ಪಕ್ಕದ ಗೋಡೆಯನ್ನು ಎಳೆಯಬಾರದೆಂದು ಎರಡನ್ನೂ ಬಿಡಿಬಿಡಿಯಾಗಿ ಕಟ್ಟಿದ್ದರು. ಮಾವ ಎರಡನ್ನೂ ಬಿಗಿದುಬಿಟ್ಟಿದ್ದರು.

"ಹಳಬರು ಯಾರೋ ತುಂಬಿದ್ದು ಅನ್ನಿ ಮಾವ. ಸತ್ತವರೇನು ಎದ್ದು ಬಂದು ಜಗಳ ಆಡ್ತಾರಾ?"

"ಇಂಜಿನಿಯರ ಎದುರಿಗೆ ಗಾರೆಯವನ ಮಾತು ಯಾರು ಕೇಳ್ತಾರೋ? ತುಂಬಿದವನೇ ಬಾಯಿಬಿಟ್ರೆ ಕೇಳ್ತಾರೆ."

ಮದರಸಾದ ಯಜಮಾನಿಕೆ ಹಿರಿಯ ಮೌಲ್ವಿಗಳದ್ದು. ಅವರ ಮುಂದೆ, ಹುಡುಗರೆಲ್ಲ ಕೇಳುವಂತೆ, ಮಾವ ನಿಂತು ಹೇಳಿದರು. ಮೌಲ್ವಿಗಳು ಕಮಾನಿನ ಸೀಳಿನ ಕಡೆ ತಲೆಯೆತ್ತಿ ನೋಡಿದರು.

"ನಲವತ್ತು ವರ್ಷ ನಿಮ್ಮನ್ನ ಹೊಗಳಿದ್ದು ಇದಕ್ಕಾ ಮೇಸ್ತ್ರಿ?"

"ಆ ಹೊಗಳಿಕೆ ವಾಪಸ್ ತಗೊಳ್ಳಿ ಹುಜೂರ್. ಗೋಡೆ ಬಿಟ್ಟುಬಿಡಿ."

ಸಿಮೆಂಟು ಕೆತ್ತಿ ತೆಗೆದು ತೋರಿಸಲು ಮಳೆಗಾಲ ಮುಗಿಯುವ ತನಕ ಗಡುವು ಸಿಕ್ಕಿತು. ಯಂತ್ರ ತಂದರೆ ಗೋಡೆ ಅದುರುತ್ತದೆ; ಆದ್ದರಿಂದ ಉಳಿ, ಸುತ್ತಿಗೆ ಮಾತ್ರ. ನಾಲ್ಕು ತಿಂಗಳು, ದಿನಕ್ಕೆ ಒಂದು ಗೇಣು. ಕೆಳಗೆ ಹೋಗಿಬರುವ ಗಾರೆಯವರು, "ಮೇಸ್ತ್ರಿಗಳು ಹಾಕಿದ್ದನ್ನ ತಾವೇ ಕಕ್ಕಿಸ್ತಿದಾರೆ," ಎಂದು ನಗುತ್ತಿದ್ದರು. ನಾನು ಸುತ್ತಿಗೆ ಹಿಡಿದು ಇಳಿಯಹೋದರೆ ಮಾವ ಅಂಗಿ ಹಿಡಿದು ಎಳೆಯುತ್ತಿದ್ದರು. "ಅವರು ಹೇಳ್ತಿರೋದು ಸುಳ್ಳಾ? ಕೂತ್ಕೊ." ಅವರ ಬಲಗೈ ಊದಿ ಬೆರಳು ಮಡಚಲಾಗುತ್ತಿರಲಿಲ್ಲ.

ಸಂದು ಬಿಡಿಸಿದ ದಿನ ಕಮಾನಿನ ಸೀಳಿಗೆ ಅಡ್ಡಲಾಗಿ ತೆಳ್ಳನೆಯ ಗಾಜಿನ ಪಟ್ಟಿ ಅಂಟಿಸಿದೆವು. ಸೀಳು ಬೆಳೆದರೆ ಗಾಜು ಒಡೆಯಬೇಕು. ಮಳೆ ಬಂತು, ಗಾಳಿ ಬಂತು. ಗಾಜು ಒಡೆಯಲಿಲ್ಲ. ಇಂಜಿನಿಯರು ನೋಡಿ, ತಮ್ಮ ಕಾಗದ ಮಡಚಿ ಜೇಬಿಗಿಟ್ಟುಕೊಂಡರು.

ಸಂದಿನ ಪಕ್ಕ ಮಾವ ಅಂಗೈಯಗಲ ಗಾರೆ ಬಳಿದು, ಹಸಿಯಿರುವಾಗಲೇ ನನ್ನ ಕೈಗೆ ಮೊಳೆ ಕೊಟ್ಟರು. ಅವರಿಗೆ ಅಕ್ಷರ ಬಾರದು. "ಇದು ಬಿರುಕಲ್ಲ. ತುಂಬಬೇಡಿ," ಎಂದು ಬರೆಸಿದರು. ಕೆಳಗೆ ಹೆಸರು ಬರೆಯಲೇ ಎಂದರೆ ಬೇಡವೆಂದರು.

"ಸಾಲು ಸೊಟ್ಟಗಾಯ್ತು ಮಾವ. ಕೆತ್ತಿ ಮತ್ತೆ ಬರೀಲಾ?"

"ಓದೋಕೆ ಬರುತ್ತಾ?"

"ಬರುತ್ತೆ."

"ಹಾಗಾದ್ರೆ ಬಿಡು. ಮುಟ್ಟಬೇಡ."

ಮಾವ ಹೋಗಿ ಒಂಬತ್ತು ವರ್ಷ. ಗೋಡೆಯಿಂದ ಒಂದು ಬಿಲ್ಲೆಯೂ ಉದುರಿಲ್ಲ.